ಕೆಂಪು ಹೊಟ್ಟೆಯ ಹೂನೊಣ

ಸುಜಾತ ಆ ನೊಣವನ್ನು ಮೊದಲ ಸಲ ನನಗೆ ತೋರಿಸಿದ್ದು ಖಾಲಿ ಮಾತ್ರೆ ಡಬ್ಬಿಯೊಂದರಲ್ಲಿ. ಕಂಟೋನ್ಮೆಂಟಿನ ಹಳೆಯ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಅವಳು ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಅವಳ ಅಪ್ಪ ನಮ್ಮ ವಿಭಾಗದಲ್ಲೇ ಹಿರಿಯ ಪ್ರಾಧ್ಯಾಪಕರು, ಒಂದು ಕಾಲಕ್ಕೆ ನನಗೂ ಪಾಠ ಹೇಳಿದವರು. ನಾನು ಅವರನ್ನು ಈಗಲೂ ಸಾರ್ ಎಂದೇ ಕರೆಯುವುದು. ಅಪ್ಪನ ಕೈಕೆಳಗೆ ಪ್ರಾಜೆಕ್ಟ್ ಮಾಡಿದರೆ ಜನ ಆಡಿಕೊಳ್ಳುತ್ತಾರೆಂದು ಸುಜಾತ ನನ್ನ ಹತ್ತಿರ ಸೇರಿಕೊಂಡಿದ್ದಳು.

"ಮ್ಯಾಮ್, ಇದರ ಹೊಟ್ಟೆ ನೋಡಿ. ಹೆಂಗೆ ಕೆಂಪಗಿದೆ," ಅಂದಳು.

ಅದು ಹೂನೊಣ. ಅಕ್ಕಿಕಾಳಿನಷ್ಟು ಉದ್ದ, ಅಷ್ಟೇ. ಹೂವಿನ ಮೇಲೆ ಗಾಳಿಯಲ್ಲಿ ಕಟ್ಟಿಹಾಕಿದ ಹಾಗೆ ನಿಂತುಕೊಂಡಿರುತ್ತದೆ, ಆಮೇಲೆ ಥಟ್ಟನೆ ಪಕ್ಕಕ್ಕೆ ಸರಿಯುತ್ತದೆ. ನೋಡಿದವರು ಪುಟ್ಟ ಜೇನೆಂದುಕೊಂಡು ಕೈ ಬೀಸುತ್ತಾರೆ. ಅದರ ಮರಿಹುಳು ಅಲಸಂದೆ, ಅವರೆ ಗಿಡಗಳ ಕುಡಿಗೆ ಮುತ್ತುವ ಸಸ್ಯಹೇನುಗಳನ್ನು ತಿಂದು ಬೆಳೆಯುತ್ತದೆ. ಕಾಲೇಜಿನ ಸುತ್ತಮುತ್ತ, ಶಿವಾಜಿನಗರ, ಹಲಸೂರು ಕಡೆಯೆಲ್ಲ ನಾನು ಕಂಡಿದ್ದು ಹೊಳೆಯುವ ಕಪ್ಪು ಹೊಟ್ಟೆಯವನ್ನು ಮಾತ್ರ. ಡಬ್ಬಿಯಲ್ಲಿದ್ದದ್ದು ಇಟ್ಟಿಗೆಯ ಬಣ್ಣದ್ದು.

"ಎಲ್ಲಿ ಸಿಕ್ತು?"

"ನಮ್ಮೂರ ಕೆರೆ ಏರಿ ಮೇಲೆ. ಅಲ್ಲಿರೋವೆಲ್ಲಾ ಹಿಂಗೇ ಮ್ಯಾಮ್. ಒಂದೂ ಕರೀದಿಲ್ಲ."

ಅವರ ಊರು ಕೃಷ್ಣರಾಜಪುರದ ಆಚೆ. ಈಗ ಊರೆಂದು ಕರೆಯುವುದು ಅಲ್ಲಿ ಹುಟ್ಟಿದವರು ಮಾತ್ರ. ಉಳಿದವರಿಗೆ ಅದು ಲೇಔಟುಗಳ ನಡುವಿನ ಒಂದು ಬಸ್ ಸ್ಟಾಪು. ಕೆರೆಯಲ್ಲಿ ಅರ್ಧ ನೀರು, ಇನ್ನರ್ಧ ಕಟ್ಟಡ ಒಡೆದ ಮಣ್ಣು. ಏರಿಯ ಮೇಲೆ ಮರಗಳಿಲ್ಲ. ಅಲ್ಲಿ ಬಿಸಿಲಿಗೆ ಒಣಗಿದ ಹುಲ್ಲಿನ ನಡುವೆ ಬೆಳೆದ ಹಳದಿ ಹೂವಿನ ಕಳೆಗಿಡಗಳ ಮೇಲೆ ಸುಜಾತ ಮಾರ್ಚ್ ತಿಂಗಳಲ್ಲಿ ಆ ನೊಣಗಳನ್ನು ಹಿಡಿದಿದ್ದಳು. ಪಶ್ಚಿಮಕ್ಕೆ ಕಪ್ಪು, ಪೂರ್ವಕ್ಕೆ ಕೆಂಪು. ಎರಡರ ಗಡಿ ಎಲ್ಲಿದೆ ಎಂದು ನಕ್ಷೆ ಮಾಡುವುದೇ ಪ್ರಾಜೆಕ್ಟ್ ಎಂದು ಅವತ್ತೇ ತೀರ್ಮಾನಿಸಿದೆವು.

ಮಳೆ ಶುರುವಾದ ಮೇಲೆ ಅವಳಿಗೆ ಡೆಂಗಿ ಬಂತು. ಮೊದಮೊದಲು ಆಸ್ಪತ್ರೆಯಿಂದಲೇ ಫೋನ್ ಮಾಡಿ, ಕೀಟದ ಪೆಟ್ಟಿಗೆಗೆ ನುಸಿಗುಳಿಗೆ ಹಾಕಿದಿರಾ ಎಂದು ಕೇಳಿದಳು. ವಾರ ತುಂಬುವುದರೊಳಗೆ ಹೋಗಿಬಿಟ್ಟಳು. ಸೊಳ್ಳೆಯೂ ನೊಣಗಳ ಬಳಗಕ್ಕೇ ಸೇರಿದ್ದು. ನಮ್ಮ ವಿಭಾಗದಲ್ಲಿ ಅದು ಎಲ್ಲರಿಗೂ ಗೊತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಸಾರ್ ರಜೆ ಮುಗಿಸಿ ಬಂದು ಪಾಠ ಮಾಡಿದರು, ಪರೀಕ್ಷೆ ನಡೆಸಿದರು. ಸ್ಟಾಫ್ ರೂಮಿನಲ್ಲಿ ಪೇಪರ್ ಓದುತ್ತ ಕೂರುತ್ತಿದ್ದರು, ಪುಟ ತಿರುವುತ್ತಿರಲಿಲ್ಲ. ಚಳಿ ಕಳೆದು ಫೆಬ್ರವರಿ ಬಂದಾಗ ಒಂದು ದಿನ ಸುಜಾತಳ ಕೀಟದ ಪೆಟ್ಟಿಗೆಯನ್ನು ತಂದು ನನ್ನ ಮೇಜಿನ ಮೇಲಿಟ್ಟರು.

"ಇದನ್ನ ಮುಗಿಸ್ಬೇಕಮ್ಮ. ಅರ್ಧಕ್ಕೆ ಬಿಡೋದು ಬೇಡ."

ನಾನು ಅದಕ್ಕೇ ಕಾದಿದ್ದವಳಂತೆ ಎದ್ದು ಬಲೆ ತೆಗೆದುಕೊಂಡೆ.

ಆ ಬೇಸಿಗೆಯಿಡೀ ನಾವಿಬ್ಬರೂ ನೊಣ ಹಿಡಿದೆವು. ಬೆಳಗಿನ ಬಿಸಿಲು ಸ್ವಲ್ಪ ಏರಿದ ಮೇಲೆ, ಹೂವು ಬಾಡುವ ಮೊದಲು ಹೋಗಬೇಕು. ನಡುವಿನ ಆ ಹೊತ್ತು ಬಹಳ ಚಿಕ್ಕದು. ಬಲೆಯನ್ನು ಬೀಸುವಂತಿಲ್ಲ, ಹೂವಿನ ಮೇಲೆ ನಿಧಾನಕ್ಕೆ ಇಳಿಸಬೇಕು. ನೊಣ ಮೇಲಕ್ಕೇ ಹಾರುವ ಜಾತಿ. ಬಲೆಯ ತುದಿ ಎತ್ತಿ ಹಿಡಿದರೆ ತಾನೇ ಹೋಗಿ ಅಲ್ಲಿ ಕೂರುತ್ತದೆ. ಆಮೇಲೆ ಗಾಜಿನ ನಳಿಕೆ. ಕಾಲೇಜಿಗೆ ತಂದು, ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗೆ ಚುಚ್ಚಿ, ಸ್ಥಳ ಮತ್ತು ಹಿಡಿದವರ ಹೆಸರು ಬರೆದ ಚೀಟಿ ಸಿಕ್ಕಿಸಿ, ಭೂತಗನ್ನಡಿಯಡಿ ಹೊಟ್ಟೆಯ ಬಣ್ಣವನ್ನು ಒಂದೊಂದಾಗಿ ಹೋಲಿಸುವುದು.

ಶಿವಾಜಿನಗರದ ಹತ್ತಿರ ಹಳೆಯ ಸ್ಮಶಾನವೊಂದಿದೆ. ಕಲ್ಲುಗಳ ಮೇಲೆ ದೊಡ್ಡ ದೊಡ್ಡ ಮಳೆಮರಗಳ ನೆರಳು. ಮಾರ್ಕೆಟ್ಟಿನ ಗದ್ದಲ ಗೋಡೆಯಾಚೆ ನಿಂತುಬಿಡುತ್ತದೆ. ಅಲ್ಲಿ ಸಮಾಧಿಗಳ ಸಂದಿನ ಕಳೆ ಹೂಗಳ ಮೇಲೆ ಕಪ್ಪು ನೊಣ ಹೇರಳ. ಮೊದಲ ದಿನ ಕಾವಲುಗಾರ ನಮ್ಮನ್ನು ನೋಡಿ ಎದ್ದು ಬಂದ.

"ಯಾರ್ದು ಸಮಾಧಿ ಸಾರ್? ನಂಬರ್ ಹೇಳಿ, ನಾನ್ ತೋರಿಸ್ತೀನಿ."

"ಯಾರ್ದೂ ಇಲ್ಲಪ್ಪ," ಅಂದರು ಸಾರ್.

"ಮತ್ತೆ?"

ನಾನು ಬಲೆ ತೋರಿಸಿ, ನೊಣ ಹಿಡಿಯುವುದಕ್ಕೆ ಬಂದೆವು, ಕಾಲೇಜಿನವರು ಅಂದೆ.

"ಪೂಚ್ಚಿ ಹಿಡಿಯೋಕಾ!" ಅವನು ನಕ್ಕುಬಿಟ್ಟ. "ಹಿಡೀರಿ ಹಿಡೀರಿ. ಇಲ್ಲಿರೋರು ಯಾರೂ ಬೇಡ ಅನ್ನಲ್ಲ."

ಸಾರೂ ನಕ್ಕರು. ಅವರು ನಕ್ಕಿದ್ದನ್ನು ನೋಡಿ ಎಷ್ಟೋ ತಿಂಗಳಾಗಿತ್ತು. ಆಮೇಲೆ ಒಂದು ಪುಟ್ಟ ಸಮಾಧಿಯ ಪಕ್ಕ ಮಂಡಿಯೂರಿ ಬಲೆ ಇಳಿಸಿದವರು ಬಹಳ ಹೊತ್ತು ಮೇಲೇಳಲಿಲ್ಲ. ನೊಣ ಸಿಕ್ಕಿದೆಯೇನೋ ಎಂದು ಹತ್ತಿರ ಹೋದೆ. ಬಲೆ ಖಾಲಿಯಿತ್ತು. ನಾನು ವಾಪಸು ಬಂದು ಬೇರೆ ಹೂವು ಹುಡುಕಿದೆ.

ಹಲಸೂರು ಕೆರೆಯ ಬೇಲಿಬದಿಯಲ್ಲಿ ಕಪ್ಪು. ಇಂದಿರಾನಗರದಲ್ಲಿ ಮಿಶ್ರ: ಮರವಿರುವ ಪಾರ್ಕುಗಳಲ್ಲಿ ಕಪ್ಪು, ಮೆಟ್ರೋ ಕಂಬಗಳ ಕೆಳಗಿನ ಖಾಲಿ ಸೈಟುಗಳಲ್ಲಿ ಕಂದು, ಕೆಲವು ಅರ್ಧ ಕೆಂಪು. ಟಿನ್ ಫ್ಯಾಕ್ಟರಿ ದಾಟಿ, ತೂಗುಸೇತುವೆಯ ಟ್ರಾಫಿಕ್ಕಿನಲ್ಲಿ ಬೆಂದು ಕೃಷ್ಣರಾಜಪುರಕ್ಕೆ ಬಂದರೆ ಪೂರಾ ಕೆಂಪು. ನಕ್ಷೆಯ ಮೇಲೆ ಬಣ್ಣದ ಚುಕ್ಕೆಗಳನ್ನು ಇಡುತ್ತ ಹೋದಂತೆ ಚಿತ್ರ ತಾನಾಗಿ ಮೂಡಿತು. ಯಾರೇ ನೋಡಿದರೂ ಎರಡು ಪ್ರಭೇದ, ನಡುವೆ ಗಡಿ ಎನ್ನುವಷ್ಟು ಸ್ಪಷ್ಟ.

ಅವತ್ತು ಸಾರ್ ನಕ್ಷೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಹೇಳಿದರು: "ಕೆಂಪುದು ಹೊಸ ಸ್ಪೀಷೀಸಮ್ಮ. ಇದಕ್ಕೆ ಅವಳ ಹೆಸರಿಡೋಣ."

ಹೊಸ ಪ್ರಭೇದಕ್ಕೆ ಹೆಸರಿಡುವ ಹಕ್ಕು ಅದನ್ನು ವಿವರಿಸಿದವರದು. ಒಮ್ಮೆ ಅಚ್ಚಾದ ಹೆಸರು, ಲೋಕದಲ್ಲಿ ನೊಣಗಳನ್ನು ಓದುವವರು ಇರುವವರೆಗೂ ಇರುತ್ತದೆ. ಸುಜಾತಳ ಹೆಸರಿಗೆ ಲ್ಯಾಟಿನ್ ಬಾಲ ಸೇರಿಸಿ ಅವರು ಒಂದೆರಡು ಸಲ ಉಚ್ಚರಿಸಿದರು. ಇದಕ್ಕಿಂತ ಒಳ್ಳೆಯದು ಇನ್ನೇನಿದ್ದೀತು ಎಂದು ನನಗೂ ಅನಿಸಿತು.

ಹೊಸ ಪ್ರಭೇದವೆಂದು ಹೇಳಲು ಬಣ್ಣ ಒಂದೇ ಸಾಲದು. ಗಂಡುನೊಣದ ಹೊಟ್ಟೆಯ ತುದಿ ಕತ್ತರಿಸಿ, ಬೆಚ್ಚಗಿನ ಕ್ಷಾರದ ದ್ರಾವಣದಲ್ಲಿ ಮಾಂಸ ಕರಗಿಸಿ, ಉಳಿದ ಪಾರದರ್ಶಕ ಅಂಗವನ್ನು ಗ್ಲಿಸರಿನ್‌ ಹನಿಯಲ್ಲಿಟ್ಟು ನೋಡಬೇಕು. ಬೇರೆ ಬೇರೆ ಪ್ರಭೇದಗಳಾದರೆ ಅಲ್ಲಿನ ಕೊಕ್ಕೆಯಂಥ ಭಾಗಗಳ ಆಕಾರ ಬೇರೆ ಇರುತ್ತದೆ, ಬೀಗಕ್ಕೆ ತಕ್ಕ ಕೀಲಿಯ ಹಾಗೆ. ಈ ಕೆಲಸ ನನ್ನದು. ಕಪ್ಪಿನದೊಂದು, ಕೆಂಪಿನದೊಂದು ಅಕ್ಕಪಕ್ಕ ಇಟ್ಟು ಮತ್ತೆ ಮತ್ತೆ ನೋಡಿದೆ. ನನಗೆ ವ್ಯತ್ಯಾಸ ಕಾಣಲಿಲ್ಲ.

"ಇಲ್ಲಿ ನೋಡು," ಸಾರ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಹೇಳಿದರು. "ಈ ತುದಿ ಸ್ವಲ್ಪ ಚೂಪಾಗಿಲ್ವಾ?"

"ನಾನು ಇಟ್ಟಿರೋ ಓರೆ ಇರ್ಬಹುದು ಸಾರ್."

"ಓರೆ ಅಲ್ಲ. ಸರಿಯಾಗಿ ನೋಡು."

ಸರಿಯಾಗಿ ನೋಡಿದೆ. ಅವರ ಕಣ್ಣಿನಿಂದ ನೋಡಿದರೆ ಚೂಪಾಗಿಯೂ ಇತ್ತು. ಚಿತ್ರ ಬರೆಯುವಾಗ ಪೆನ್ಸಿಲ್ಲನ್ನು ಅಲ್ಲೇ ನಿಲ್ಲಿಸಿ, ಕೆಲಸವನ್ನು ಮರುದಿನಕ್ಕೆ ಮುಂದೂಡಿದೆ.

ಗಂಟು ಬಿಚ್ಚತೊಡಗಿದ್ದು ವಿಮಾನಪುರದಲ್ಲಿ. ಅಲ್ಲಿನ ಕಾರ್ಖಾನೆಯ ಸಿಬ್ಬಂದಿ ವಸತಿಯಲ್ಲಿ ನನ್ನ ಚಿಕ್ಕಮ್ಮ ಇರುತ್ತಾರೆ. ಮೇ ತಿಂಗಳಲ್ಲಿ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಸಾಲುಮರಗಳ ಕೆಳಗೆ ತಣ್ಣಗಿನ ರಸ್ತೆಗಳು, ಮನೆ ಹಿಂದೆ ಕೈತೋಟ. ಚಿಕ್ಕಮ್ಮನ ಅಲಸಂದೆ ಸಾಲಿನ ಮೇಲೆ ಹೂನೊಣಗಳು ನಿಂತಿದ್ದವು. ಚೀಲದಲ್ಲಿ ಯಾವಾಗಲೂ ನಳಿಕೆಗಳಿರುತ್ತಿದ್ದವು, ಹಿಡಿದೆ. ಎಲ್ಲವೂ ಕಪ್ಪು.

ನಮ್ಮ ನಕ್ಷೆಯ ಪ್ರಕಾರ ವಿಮಾನಪುರ ಕೆಂಪಿನ ಸೀಮೆ. ಅಲ್ಲಿಂದ ಹೊರಬಂದು, ಗೋಡೆಯಾಚೆಯ ಬಯಲಲ್ಲಿ, ತಗಡಿನ ಶೆಡ್ಡುಗಳ ಪಕ್ಕ ನೋಡಿದೆ. ಕೆಂಪು! ನಡುವೆ ಇದ್ದದ್ದು ಒಂದು ಕಾಂಪೌಂಡ್ ಗೋಡೆ, ಮತ್ತು ನೆರಳು.

ಸಾರ್‌ಗೆ ಹೇಳಿದೆ. "ಗಿಡದ ಕುಂಡಗಳ ಜೊತೆ ಆ ಕಡೆಯಿಂದ ಬಂದಿರುತ್ತೆ ಬಿಡು," ಅಂದರು.

"ಸಾರ್, ಬಣ್ಣ ಊರನ್ನ ನೋಡ್ಕೊಂಡು ಬರ್ತಿಲ್ಲ ಅನ್ಸುತ್ತೆ. ನೆರಳು-ಬಿಸಿಲು ನೋಡ್ಕೊಂಡು ಬರ್ತಿದೆ. ಒಂದ್ಸಲ ಸಾಕಿ ನೋಡೋಣ್ವಾ? ಒಂದೇ ತಾಯಿ ಮರಿಗಳನ್ನ ತಂಪಲ್ಲೂ ಬಿಸಿಯಲ್ಲೂ ಇಟ್ಟು?"

"ಮಾಡು. ಅದನ್ನೂ ಸೇರಿಸಿದ್ರೆ ಪೇಪರ್ ಇನ್ನೂ ಗಟ್ಟಿಯಾಗುತ್ತೆ," ಅಂದರು. ಅವರು ಮನಸಾರೆ ಹೇಳಿದ್ದರು. ತಂಪಿನಲ್ಲಿಟ್ಟರೂ ಕೆಂಪು ಕೆಂಪಾಗಿಯೇ ಹುಟ್ಟುತ್ತದೆ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ನೊಣ ಸಾಕಬೇಕಾದರೆ ಮೊದಲು ಅಲಸಂದೆ ಬೆಳೆಯಬೇಕು, ಅಲಸಂದೆಯ ಮೇಲೆ ಸಸ್ಯಹೇನು ಬೆಳೆಸಬೇಕು. ಪ್ರಯೋಗಾಲಯದ ಕಿಟಕಿಯಲ್ಲಿ ಕುಂಡಗಳನ್ನು ಸಾಲಾಗಿ ಇಟ್ಟೆ. ಇರುವೆ ಹತ್ತದಂತೆ ಕುಂಡಗಳನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿದೆ, ಮೇಲೆ ಬಲೆಬಟ್ಟೆಯ ಪಂಜರ. ಏರಿಯಿಂದ ತಂದ ಹೆಣ್ಣುನೊಣ ಹೇನುಗಳ ನಡುವೆ ಬಿಳಿ ಮೊಟ್ಟೆಗಳನ್ನಿಟ್ಟಿತು. ಮರಿಹುಳುಗಳು ಬೆಳೆದು ಕಾಂಡಕ್ಕೆ ಅಂಟಿಕೊಂಡು, ಕಣ್ಣೀರಿನ ಹನಿಯಂಥ ಕೋಶಗಳಾದವು. ಎಷ್ಟೋ ದಿನ ಕಾದ ಮೇಲೆ ಕೋಶಗಳನ್ನು ಕೊರೆದುಕೊಂಡು ಹೊರಬಂದವು ನೊಣಗಳಲ್ಲ, ಸಣ್ಣ ಕಣಜಗಳು. ಅವು ಮರಿಹುಳುವಿನೊಳಗೆ ಮೊಟ್ಟೆಯಿಡುವ ಪರೋಪಜೀವಿಗಳು. ಹೇನು ತಂದ ಕುಡಿಗಳ ಜೊತೆಗೇ ಒಳಗೆ ಬಂದಿದ್ದವು. ಎಲ್ಲವನ್ನೂ ಸುಟ್ಟು ಹೊಸದಾಗಿ ಶುರು ಮಾಡಿದೆ. ಈ ಸಲ ಒಂದೊಂದು ಹೇನನ್ನೂ ಕುಂಚದ ತುದಿಯಲ್ಲಿ ಎತ್ತಿ ಹೊಸ ಗಿಡಕ್ಕೆ ಬಿಟ್ಟೆ. ಸಾರ್ ಕನ್ನಡಕ ಹಣೆಗೇರಿಸಿಕೊಂಡು ಪಕ್ಕದಲ್ಲಿ ಕೂತು ಅದನ್ನೇ ಮಾಡುತ್ತಿದ್ದರು.

ಎರಡನೆಯ ಸಲದ ಮರಿಗಳು ದಪ್ಪಗೆ ಬೆಳೆದಿದ್ದವು. ಆಗ ಮಳೆಗಾಲ. ಬಡಾವಣೆಯಲ್ಲಿ ಡೆಂಗಿ ಹೆಚ್ಚಾಗಿತ್ತೆಂದು ಕಾಲೇಜಿನವರು ಹೊಗೆ ಹಾಕುವವರನ್ನು ಕರೆಸಿದ್ದರು. ನಮಗೆ ಯಾರೂ ತಿಳಿಸಿರಲಿಲ್ಲ. ಬೆಳಿಗ್ಗೆ ಬಂದು ನೋಡಿದರೆ ಪ್ರಯೋಗಾಲಯದ ತುಂಬ ಸೀಮೆಎಣ್ಣೆಯಂಥ ವಾಸನೆ, ಗಾಜಿನ ಮೇಲೆ ಜಿಡ್ಡು. ಪಂಜರಗಳೊಳಗೆ ಹೇನೂ ಇಲ್ಲ, ಹುಳುವೂ ಇಲ್ಲ. ಎಲ್ಲವೂ ಸತ್ತು ಸುರುಟಿ ಕೆಳಗೆ ಉದುರಿದ್ದವು.

ನನಗೆ ಸಿಟ್ಟು ಬಂತು. ಆಫೀಸಿಗೆ ಹೋಗಿ ಜಗಳ ಮಾಡುತ್ತೇನೆಂದು ಹೊರಟೆ. ಸಾರ್ ಬಾಗಿಲಲ್ಲೇ ನಿಂತಿದ್ದರು.

"ಬಿಡಮ್ಮ," ಅಂದರು. "ಹೋದ ವರ್ಷ ಬರ್ಬೇಕಿತ್ತು ಈ ಹೊಗೆ."

ನಾನು ವಾಪಸು ಬಂದು ಕುಂಡಗಳನ್ನು ತೊಳೆಯತೊಡಗಿದೆ. ಆ ವಾರವೇ ಅವರು ಬಿಸಿಲು ಬಿದ್ದ ಗಳಿಗೆ ನೋಡಿ ತಮ್ಮೂರಿನ ಏರಿಯಿಂದ ಒಂದು ಕೆಂಪು ಹೆಣ್ಣನ್ನು ಹಿಡಿದು ತಂದುಕೊಟ್ಟರು. ಸ್ಮಶಾನದಿಂದ ನಾನು ಒಂದು ಕಪ್ಪು ಹೆಣ್ಣು ತಂದೆ. ಮೂರನೆಯ ಸಲ ಶುರುವಾಯಿತು.

ಈ ಸಲ ಏನೂ ಕೆಡಲಿಲ್ಲ. ಕೋಶಗಳಾದ ಕೂಡಲೇ ಒಂದೊಂದು ತಾಯಿಯ ಮರಿಗಳನ್ನೂ ಎರಡು ಪಾಲು ಮಾಡಿ, ಒಂದು ಪಾಲನ್ನು ಡಿಸೆಂಬರ್ ಬೆಳಗಿನಷ್ಟು ತಣ್ಣಗಿನ ಪೆಟ್ಟಿಗೆಯಲ್ಲಿ, ಇನ್ನೊಂದನ್ನು ಏಪ್ರಿಲ್ ಮಧ್ಯಾಹ್ನದಷ್ಟು ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟೆ. ಸಾರ್ ಆಗ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಬೇರೆ ಕಡೆ ಹೋಗುತ್ತಿದ್ದರು. ಹೊಸ ಪ್ರಭೇದದ ಲೇಖನವನ್ನು ಬರೆದು ಮುಗಿಸಿದ್ದರು. ಸುಜಾತಳ ಹುಟ್ಟುಹಬ್ಬದ ದಿನ ಪತ್ರಿಕೆಗೆ ಕಳಿಸಬೇಕೆಂದು ಇಟ್ಟುಕೊಂಡಿದ್ದರು. ಆ ದಿನ ಹತ್ತಿರದಲ್ಲೇ ಇತ್ತು.

ಬೆಚ್ಚಗಿನ ಪೆಟ್ಟಿಗೆಯ ನೊಣಗಳು ಬೇಗ ಹೊರಬಂದವು. ಏರಿಯ ತಾಯಿಯವು ಕೆಂಪು. ಸರಿ ಅಂದುಕೊಂಡೆ. ಸ್ಮಶಾನದ ತಾಯಿಯವೂ ಕೆಂಪು. ಆದರೂ ತಂಪಿನವು ಬರಲಿ ಎಂದು ಕಾದೆ. ಅವು ನಿಧಾನ. ಕೊನೆಗೆ ಒಂದು ಬೆಳಿಗ್ಗೆ ಪೆಟ್ಟಿಗೆಯ ಬಾಗಿಲು ತೆಗೆದಾಗ, ಏರಿಯ ಕೆಂಪು ತಾಯಿಯ ಮಗಳೊಂದು ಗಾಜಿಗೆ ಕಾಲೂರಿ ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು. ಹುಟ್ಟಿದ ಕೂಡಲೇ ಇವು ಬಿಳಿಚಿಕೊಂಡಿರುತ್ತವೆ, ಬಣ್ಣ ಏರಲು ಸ್ವಲ್ಪ ಹೊತ್ತು ಬೇಕು. ನಾನು ಸ್ಟೂಲು ಎಳೆದುಕೊಂಡು ಎದುರಿಗೆ ಕೂತೆ. ಕೆಂಪಾಗು, ಕೆಂಪಾಗು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನನ್ನ ಪ್ರಯೋಗ ಸುಳ್ಳಾಗಲಿ ಎಂದು ಬೇಡಿಕೊಂಡದ್ದು ಅದೊಂದೇ ಸಲ. ಅದರ ಹೊಟ್ಟೆ ಹೊಗೆಬಣ್ಣಕ್ಕೆ ತಿರುಗಿತು. ಆಮೇಲೆ ಕಪ್ಪಾಯಿತು. ಹಿಂದೆಯೇ ಬಂದ ಅದರ ಒಡಹುಟ್ಟಿದವೆಲ್ಲ ಕಪ್ಪಾದವು.

ಎರಡು ಪ್ರಭೇದಗಳಿರಲಿಲ್ಲ. ಇದ್ದದ್ದು ಒಂದೇ ನೊಣ. ಕೋಶದಲ್ಲಿ ಮಲಗಿದ್ದಾಗ ಬಿಸಿ ತಾಗಿದರೆ ಕೆಂಪಾಗುತ್ತಿತ್ತು, ತಂಪು ತಾಗಿದರೆ ಕಪ್ಪಾಗುತ್ತಿತ್ತು. ನಮ್ಮ ನಕ್ಷೆಯಲ್ಲಿ ಕಂಡದ್ದು ನೊಣದ ಸೀಮೆಯಲ್ಲ, ಈ ಊರಿನಲ್ಲಿ ಮರ ಎಲ್ಲಿ ಉಳಿದಿದೆ, ಎಲ್ಲಿ ಉಳಿದಿಲ್ಲ ಎಂಬುದು.

ಯಾರಿಗೂ ಹೇಳದೆ ನಾಲ್ಕಾರು ದಿನ ಕಳೆದೆ. ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಈ ಸಲವೂ ಕಣಜ ಬಂತು ಸಾರ್ ಎಂದರೆ ಅವರು ನಂಬುತ್ತಿದ್ದರು. ಇಷ್ಟು ಸಣ್ಣ ನೊಣವನ್ನು ಮತ್ತೆ ಸಾಕಿ ನೋಡುವವರು ಯಾರು? ಹೊಲಿಗೆ ಯಂತ್ರದ ಮುಂದೆ ಕೂತು ದಿನ ನೂಕುವ ಸುಜಾತಳ ಅಮ್ಮನಿಗೆ ಮಗಳ ಹೆಸರು ಉಳಿಯಿತೆಂಬ ಸಮಾಧಾನ ಸಿಗುತ್ತಿತ್ತು. ಅದರಿಂದ ಯಾರ ಗಂಟೂ ಹೋಗುತ್ತಿರಲಿಲ್ಲ.

ಆದರೆ ನಮ್ಮ ವಿದ್ಯೆಯಲ್ಲಿ ಒಂದು ಕ್ರೂರ ನಿಯಮವಿದೆ. ತಪ್ಪಾಗಿ ಇಟ್ಟ ಹೆಸರು ಅಳಿಸಿಹೋಗುವುದಿಲ್ಲ. ಯಾರೋ ಒಬ್ಬರು ಮುಂದೊಂದು ದಿನ ಪರಿಶೀಲಿಸಿ, ಇದು ಬೇರೆ ಪ್ರಭೇದವಲ್ಲ ಎಂದು ತೋರಿಸುತ್ತಾರೆ. ಆಮೇಲೆ ಆ ಹೆಸರು ಸರಿಯಾದ ಹೆಸರಿನ ಕೆಳಗೆ, ಊರ್ಜಿತವಲ್ಲದ ಹೆಸರುಗಳ ಸಾಲಿನಲ್ಲಿ, ಶಾಶ್ವತವಾಗಿ ಕೂರುತ್ತದೆ. ಸುಜಾತ ಒಂದು ತಪ್ಪಿನ ಹೆಸರಾಗಿ ಉಳಿಯುತ್ತಾಳೆ. ಅವಳು ಬದುಕಿದ್ದರೆ ಈ ಸಾಕಣೆಯನ್ನು ನನಗಿಂತ ಮೊದಲೇ ಮಾಡಿ, ಎರಡು ಡಬ್ಬಿ ಹಿಡಿದುಕೊಂಡು ಓಡಿಬರುತ್ತಿದ್ದಳು. ಹೇಳಬೇಕೆಂದು ನಿರ್ಧರಿಸಿದೆ. ಫೋನಿನಲ್ಲಿ ಬೇಡ, ಕಾಲೇಜಿನಲ್ಲೂ ಬೇಡ ಎಂದು ಭಾನುವಾರ ಅವರ ಮನೆಗೆ ಹೋದೆ.

ಮುಂದಿನ ಕೋಣೆಯಲ್ಲಿ ಸುಜಾತಳ ಅಮ್ಮ ಬ್ಲೌಸ್ ಹೊಲಿಯುತ್ತಿದ್ದರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಮಗಳ ಫೋಟೋ. ನನ್ನನ್ನು ನೋಡಿ ಎದ್ದು ಬಂದು ಕೈ ಹಿಡಿದುಕೊಂಡರು.

"ಬನ್ನಿ ಬನ್ನಿ. ಇವ್ರು ಹೇಳಿದ್ರು, ಬರೋ ವಾರ ಕಳಿಸ್ತಾರಂತಲ್ಲ? ಎಷ್ಟು ದಿನಕ್ಕೆ ಬರುತ್ತೆ ಪುಸ್ತಕದಲ್ಲಿ?"

"ಸ್ವಲ್ಪ ದಿನ ಆಗುತ್ತಮ್ಮ," ಅಂದೆ.

ಅವರು ಕಾಫಿ ಕೊಟ್ಟು ಯಂತ್ರಕ್ಕೆ ವಾಪಸಾದರು. ಒಳಗಿನ ಕೋಣೆಯಲ್ಲಿ ಸಾರ್ ಮುಂದೆ ಎರಡು ಡಬ್ಬಿಗಳನ್ನಿಟ್ಟೆ. ಅವರು ಭೂತಗನ್ನಡಿ ತೆಗೆದುಕೊಂಡು ಮೊದಲು ಕೆಂಪು ನೋಡಿದರು, ಆಮೇಲೆ ಕಪ್ಪು ನೋಡಿದರು.

"ಕಪ್ಪುದು ಸ್ಮಶಾನದ್ದಾ?"

"ಅಲ್ಲ ಸಾರ್. ಎರಡೂ ನೀವು ಕೊಟ್ಟ ಹೆಣ್ಣಿನ ಮರಿಗಳು."

"ಒಂದೇ ತಾಯಿ ಮಕ್ಕಳಾ?"

"ಹೌದು ಸಾರ್. ಸ್ಮಶಾನದ ತಾಯಿದೂ ಹಂಗೇ. ಬಿಸಿಯಲ್ಲಿಟ್ಟಿದ್ದು ಪೂರ್ತಿ ಕೆಂಪು."

ಅವರು ಭೂತಗನ್ನಡಿಯನ್ನು ಕೆಳಗಿಡಲಿಲ್ಲ. ಹೊರಗೆ ಯಂತ್ರ ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು.

"ನೀನು ಸುಮ್ನಿದ್ದಿದ್ರೆ ಏನಾಗ್ತಿತ್ತಮ್ಮ?" ಅಂದರು, ದನಿ ಏರಿಸದೆ.

"ಮುಂದೆ ಯಾರಾದ್ರೂ ನೋಡಿದ್ರೆ ಸಾರ್, ಅವಳ ಹೆಸರು..."

"ಮುಂದೆ ಅಲ್ವಾ? ನಾವಿಬ್ರೂ ಹೋದ್ಮೇಲೆ ಅಲ್ವಾ?"

ಯಂತ್ರ ನಿಂತಿತು. ಸುಜಾತಳ ಅಮ್ಮ ಬಾಗಿಲಿಗೆ ಬಂದು, "ಏನಾಯ್ತು?" ಎಂದು ಕೇಳಿದರು.

"ಏನಿಲ್ಲ. ಕೆಲ್ಸದ ವಿಷ್ಯ," ಅಂದರು ಸಾರ್. ನನ್ನ ಕಡೆ ತಿರುಗದೆ, "ಒಂದ್ಸಲ ನಾನೇ ಮಾಡಿ ನೋಡ್ತೀನಿ. ಇಲ್ಲೇ," ಅಂದರು.

ಲೇಖನ ಆ ಹುಟ್ಟುಹಬ್ಬಕ್ಕೆ ಹೋಗಲಿಲ್ಲ. ಅವರು ಮನೆಯ ತಾರಸಿಯ ಮೇಲೆ ಅಲಸಂದೆ ಬೆಳೆಸಿದರು, ಏರಿಯಿಂದ ಮತ್ತೊಂದು ಹೆಣ್ಣು ತಂದರು. ಬಿಸಿಗೆ ತಗಡಿನ ಡಬ್ಬ, ತಂಪಿಗೆ ಥರ್ಮೋಕೋಲ್ ಪೆಟ್ಟಿಗೆ. ಅದರೊಳಗಿನ ಐಸ್ ಪೊಟ್ಟಣಗಳನ್ನು ಹೊತ್ತುಹೊತ್ತಿಗೆ ಬದಲಾಯಿಸಿದ್ದು ಸುಜಾತಳ ಅಮ್ಮ. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಮಗಳ ನೊಣ ಎಂದಷ್ಟೇ ಅವರಿಗೆ ಗೊತ್ತಿದ್ದದ್ದು. ಹೊಲಿಯುವುದನ್ನು ಬಿಟ್ಟು ಎದ್ದು ಹೋಗಿ, ಬೆರಳಿಟ್ಟು ತಂಪು ನೋಡಿ, ಮುಚ್ಚಳ ಮುಚ್ಚಿ ಬರುತ್ತಿದ್ದರಂತೆ. ಮುಂದೆ ಅವರೇ ಇದನ್ನು ನನಗೆ ಹೇಳಿದರು.

ಒಂದು ಸೋಮವಾರ ಸಾರ್ ನನ್ನ ಮೇಜಿನ ಮೇಲೆ ಸೂಜಿಗೆ ಚುಚ್ಚಿದ ಕಪ್ಪು ನೊಣವೊಂದನ್ನು ಇಟ್ಟರು.

"ನಿಂದೇ ಸರಿ," ಅಂದರು. "ಮನೇಲೂ ಹೇಳ್ದೆ."

"ಸಾರ್, ನಾವು ಇದನ್ನೇ ಬರೆಯೋಣ. ಬಣ್ಣ ಯಾಕೆ ಬದಲಾಗುತ್ತೆ ಅನ್ನೋದನ್ನ. ಮೊದಲು ಕಂಡಿದ್ದು ಸುಜಾತ ತಾನೇ? ಅವಳೇ ಮೊದಲ ಲೇಖಕಿ, ಆಮೇಲೆ ನೀವು."

"ನೀನು ಬರಿ. ಅವಳ ಹೆಸರು ಹಾಕೋದಾದ್ರೆ ಹಾಕು. ನಂದು ಬೇಡ." ಬಾಗಿಲವರೆಗೆ ಹೋದವರು ನಿಂತರು. "ನಿನ್ನ ತಪ್ಪೇನೂ ಇಲ್ಲಮ್ಮ. ನಾನೇ ಕಲಿಸಿದ್ದು ನಿಂಗೆ ಇದನ್ನೆಲ್ಲಾ. ಆದ್ರೆ ನಿನ್ನ ಮುಖ ನೋಡಿದ್ರೆ ಆ ಎರಡು ಡಬ್ಬಿನೇ ಕಣ್ಮುಂದೆ ಬರುತ್ತೆ."

ಅವರು ಸಂಜೆ ಕಾಲೇಜಿಗೆ ಬದಲಾಯಿಸಿಕೊಂಡರು. ನಾನು ಹೊರಡುವ ಹೊತ್ತಿಗೆ ಅವರು ಬರುತ್ತಿದ್ದರು. ಗೇಟಿನಲ್ಲಿ ಎದುರಾದರೆ ಇಬ್ಬರೂ ತಲೆ ಆಡಿಸುತ್ತಿದ್ದೆವು.

ಲೇಖನ ಬರೆಯಲು ನನಗೆ ಬಹಳ ಕಾಲ ಹಿಡಿಯಿತು. ಆ ಚೂಪಾದ ತುದಿಯ ಚಿತ್ರವನ್ನು ಇದ್ದಂತೆಯೇ ಬರೆದೆ. ಚೂಪಾಗಿರಲಿಲ್ಲ. ಅದು ಅಚ್ಚಾದದ್ದು ಮುಂದಿನ ವರ್ಷದ ಕೊನೆಗೆ, ದೂರದ ಒಂದು ಸಣ್ಣ ಪತ್ರಿಕೆಯಲ್ಲಿ. ಪ್ರತಿ ಹಿಡಿದುಕೊಂಡು ಡಿಸೆಂಬರ್‌ನ ಒಂದು ಬೆಳಿಗ್ಗೆ ಅವರ ಊರಿಗೆ ಹೋದೆ. ಬಸ್ಸಿಳಿದು ಏರಿಯ ಮೇಲೆ ನಡೆಯುವಾಗ ಕಳೆಗಿಡಗಳ ಮೇಲೆ ಹೂನೊಣಗಳು ನಿಂತಿದ್ದವು. ಚಳಿಗಾಲದಲ್ಲಿ ನಾವು ಅಲ್ಲಿ ಒಂದು ಸಲವೂ ಬಲೆ ಹಿಡಿದಿರಲಿಲ್ಲ. ಈಗ ಕಂಡವೆಲ್ಲ ಕಪ್ಪು, ಒಂದಾದರೂ ಕೆಂಪಿರಲಿಲ್ಲ.

ಸಾರ್ ಹಿಂದೆ ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದರು. ನಲ್ಲಿಯ ಸದ್ದು ಕೇಳುತ್ತಿತ್ತು. ಸುಜಾತಳ ಅಮ್ಮ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಬಿಡಿಸಿದರು.

"ಇದ್ರಲ್ಲಿ ಎಲ್ಲಿದೆ?"

ತೋರಿಸಿದೆ. ಲೇಖನದ ತಲೆಬರಹದ ಕೆಳಗೆ, ಎಲ್ಲಕ್ಕಿಂತ ಮೊದಲು. ಅವರು ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳು ಸರಿಸಿದರು.

"ಇದು ನೊಣದ ಹೆಸರಲ್ಲ ಅಲ್ವಾ?"

"ಅಲ್ಲಮ್ಮ. ನೊಣದ ವಿಷಯ ಕಂಡುಕೊಂಡೋರ ಹೆಸರು."

"ನೀವು ಬೇಜಾರು ಮಾಡ್ಕೋಬೇಡಿ," ಅಂದರು. "ನಂಗೆ ನೊಣ ಗಿಣ ಏನ್ ಗೊತ್ತಾಗುತ್ತೆ ಹೇಳಿ. ಇವ್ರು ಹೇಳಿದ್ರು, ಹೆಸರಿಟ್ರೆ ಯಾವ್ದೋ ದೇಶದಲ್ಲಿ ಯಾರಾದ್ರೂ ಒಬ್ರು ಅವಳ ಹೆಸರು ಹೇಳ್ತಾನೇ ಇರ್ತಾರೆ ಅಂತ. ಅದಕ್ಕೇ ಆಸೆ ಆಗಿತ್ತು. ಇಲ್ಲಿ ಯಾರೂ ಹೇಳಲ್ಲ. ನೆಂಟರು ಬರ್ತಾರೆ, ಬೀದಿಯೋರು ಬರ್ತಾರೆ, ಹುಷಾರಾಗಿ ತಪ್ಪಿಸ್ತಾರೆ. ನಮಗೆ ನೋವಾಗುತ್ತಂತೆ. ನಾವಿಬ್ರೂ ಅಷ್ಟೇ, ಅವರ ಮುಂದೆ ನಾನು ಹೇಳಲ್ಲ, ನನ್ನ ಮುಂದೆ ಅವ್ರು ಹೇಳಲ್ಲ. ಈ ಮನೇಲಿ ಆ ಹೆಸರು ಕೇಳಿ ಎಷ್ಟು ದಿನ ಆಯ್ತೋ."

ನಾನು ಅವರ ಪಕ್ಕದಲ್ಲಿ ಕೂತೆ.

"ಕ್ಲಾಸಲ್ಲಿ ನೀವು ಹಾಜರಿ ಹೇಗೆ ಕರೀತಿದ್ರಿ?" ಎಂದು ಕೇಳಿದರು. "ಒಂದ್ಸಲ ಕರೀರಿ."

"ಸುಜಾತ," ಅಂದೆ. ಎಷ್ಟೋ ವರ್ಷದ ರೂಢಿಗೆ ದನಿ ತಾನಾಗಿ ದೊಡ್ಡದಾಗಿ, ಕೊನೆಯ ಬೆಂಚಿಗೂ ಕೇಳಿಸುವ ಹಾಗೆ ಹೊರಬಂತು.

ನಲ್ಲಿಯ ಸದ್ದು ನಿಂತಿತು. ಸಾರ್ ಒದ್ದೆ ಕೈಯಲ್ಲೇ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಮುಂಗೈಯಿಂದ ನೊರೆ ಇಳಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ನನ್ನನ್ನು ನೋಡಿದರು, ಎಷ್ಟೋ ಕಾಲದ ಮೇಲೆ ನೇರವಾಗಿ.

"ಇನ್ನೊಂದ್ಸಲ," ಅಂದರು.